ಅಪ್‌ಡೇಟ್: ರಜೆಯಲ್ಲಿ ಮಗನಿಗೆ ನಿಟ್ಟಿಂಗ್, ಕೈತೋಟ ಆಗುತ್ತಾ ಅಂತ ಕೇಳಿದ್ದೆನಲ್ಲ

ನೆನಪಿದೆಯಾ, ಆಟಿಸಂ ಇರುವ ನನ್ನ 15 ವರ್ಷದ ಮಗನಿಗೆ ಬೇಸಿಗೆ ರಜೆಯಲ್ಲಿ ದಿನಚರಿ ತಪ್ಪಿ ಇಡೀ ದಿನ ಕಸಿವಿಸಿ, ನಿಟ್ಟಿಂಗ್ ಅಥವಾ ಗಿಡದ ಕೆಲಸ ಹಚ್ಚಲಾ ಅಂತ ಕೇಳಿದ್ದೆ. ಆರು ವಾರ ಆಯಿತು.

ನಿಟ್ಟಿಂಗ್ ಮೊದಲು ಪೂರಾ ಕೆಟ್ಟಿತು. ತಪ್ಪು ನನ್ನದೇ. ಉಣ್ಣೆ ನೂಲು ಚುಚ್ಚುತ್ತದೆ ಅಂತ ಎಸೆದುಬಿಟ್ಟ, ಲೋಹದ ಕಡ್ಡಿಗಳ ಟಿಕ್ ಟಿಕ್ ಸದ್ದೂ ಅವನಿಗೆ ಆಗಲಿಲ್ಲ. ನೀವು ಹೇಳಿದ ಹಾಗೆ ಹತ್ತಿ ನೂಲು, 5 ಮಿ.ಮೀ. ಬಿದಿರಿನ ಕಡ್ಡಿ ತಂದೆ. ಈಗ ಸಾಲಿಗೆ 20 ಹೊಲಿಗೆ, ಬರೀ ಗಾರ್ಟರ್ ಸ್ಟಿಚ್, ಅಂದರೆ ಎರಡೂ ಕಡೆ ಒಂದೇ ಹೆಣಿಗೆ. ಎಣಿಸೋದೇ ಅವನಿಗೆ ಖುಷಿ. ಒಂದು ಹೊಲಿಗೆ ತಪ್ಪಿದರೂ ಪೂರ್ತಿ ಬಿಚ್ಚಿ ಮತ್ತೆ ಶುರು, ನೋಡಿ ನನಗೆ ಹೊಟ್ಟೆ ಉರಿಯುತ್ತದೆ, ಅವನಿಗೆ ಬೇಜಾರೇ ಇಲ್ಲ! ಏನು ಹೆಣೆಯುತ್ತಿದ್ದೀಯಾ ಅಂದರೆ "ಸಾಲು" ಅನ್ನುತ್ತಾನೆ.

ತೋಟದಲ್ಲಿ ಒದ್ದೆ ಮಣ್ಣು ಮುಟ್ಟಲ್ಲ, ಗ್ಲೌಸ್ ಹಾಕಿದರೂ ಇಲ್ಲ. ಬಲವಂತ ಮಾಡಲಿಲ್ಲ. ನೀರು ಹಾಕೋದು ಅವನ ಕೆಲಸ, ಬಿಸಿಲೇರುವ ಮುಂಚೆ, ಬೆಳಿಗ್ಗೆ 7ಕ್ಕೆ ಸರಿಯಾಗಿ. ಗೋಡೆಯ ಮೇಲಿನ ಚಿತ್ರಗಳ ವೇಳಾಪಟ್ಟಿಯಲ್ಲಿ ಅದೇ ಮೊದಲ ಚಿತ್ರ. ಬೀನ್ಸ್ ಎಂಟನೇ ದಿನ ಮೊಳೆಯಿತು, ಅವತ್ತಿನಿಂದ ಸ್ಕೇಲ್ ಹಿಡಿದು ದಿನಾ ಅಳೆಯುತ್ತಾನೆ. ಒಂದು ದಿನ ಜೋರು ಮಳೆ. ಛತ್ರಿ ಹಿಡಿದುಕೊಂಡೇ ನೀರು ಹಾಕಿ ಬಂದ. ನಾನೂ ಸುಮ್ನೆ ಬಿಟ್ಟೆ, ಅದಕ್ಕೂ ಜಗಳ ಯಾಕೆ ಅಲ್ವಾ?

ಕೆಟ್ಟ ದಿನಗಳು ಈಗಲೂ ಇವೆ. ಶಾಲೆ ಶುರುವಾದರೆ ನೀರು ಹಾಕುವ ಹೊತ್ತು 6ಕ್ಕೆ ಬರಬೇಕು, ಒಮ್ಮೆಲೇ ಬದಲಿಸಿದರೆ ರಂಪ ಗ್ಯಾರಂಟಿ. ಹಾಗಾಗಿ ದಿನಕ್ಕೆ 5 ನಿಮಿಷ ಹಿಂದಕ್ಕೆ ಸರಿಸುತ್ತಿದ್ದೇವೆ. ಇವತ್ತು 6:40.