[ಮುಕ್ಕಾಲು ಪರಿಹಾರ] ಲಿನಕ್ಸ್‌ನಲ್ಲಿ ವಿಡಿಯೋ ಕಾಲ್: ಸ್ಕ್ರೀನ್ ಶೇರ್ ಕಪ್ಪು, ಕ್ಯಾಮೆರಾ ತಡವರಿಸುತ್ತದೆ, ಬ್ಲರ್ ಇಲ್ಲ

ಕಿಟಕಿಬಿಟ್ಟವ:

ಎಲ್ಲರಿಗೂ ನಮಸ್ಕಾರ. ಲ್ಯಾಪ್‌ಟಾಪಿಗೆ ಡೆಬಿಯನ್ 12 ಲಿನಕ್ಸ್ ಹಾಕಿಕೊಂಡಿದ್ದೇನೆ, ಗ್ನೋಮ್ ಡೆಸ್ಕ್‌ಟಾಪ್. ಬೇರೆಲ್ಲ ಕೆಲಸಕ್ಕೆ ಆರಾಮಾಗಿದೆ. ವಿಡಿಯೋ ಕಾಲ್ ಶುರುವಾದರೆ ಮಾತ್ರ ತಲೆನೋವು.

ಆಫೀಸಿನಲ್ಲಿ ಬಳಸುವ ಮೀಟಿಂಗ್ ಆ್ಯಪ್‌ಗೆ ಲಿನಕ್ಸ್ ಆವೃತ್ತಿ ಇದೆ, ಅದನ್ನೇ ಹಾಕಿದ್ದೇನೆ. ಸ್ಕ್ರೀನ್ ಶೇರ್ ಮಾಡಿದರೆ ಎದುರಿನವರಿಗೆ ಪೂರ್ತಿ ಕಪ್ಪು. ಮೌಸ್ ಬಾಣ ಓಡಾಡುವುದು ಮಾತ್ರ ಕಾಣುತ್ತದಂತೆ. ಯುಎಸ್‌ಬಿ ವೆಬ್‌ಕ್ಯಾಮ್‌ನಲ್ಲಿ ನನ್ನ ಮುಖ ತಡೆದು ತಡೆದು ಬರುತ್ತದೆ. ಹಿನ್ನೆಲೆ ಬ್ಲರ್ ಮಾಡುವ ಬಟನ್ ಈ ಆವೃತ್ತಿಯಲ್ಲಿ ಇಲ್ಲವೇ ಇಲ್ಲ, ಅದೇ ಆ್ಯಪ್‌ನ ವಿಂಡೋಸ್ ಆವೃತ್ತಿಯಲ್ಲಿ ಇದೆ. ಹೊಸ ಬ್ಲೂಟೂತ್ ಹೆಡ್‌ಸೆಟ್‌ನಲ್ಲಿ ಹಾಡು ಚೆನ್ನಾಗಿ ಕೇಳುತ್ತದೆ, ಕಾಲ್‌ಗೆ ಸೇರಿದ ಕೂಡಲೇ ಧ್ವನಿ ಕೆಟ್ಟು ಹೋಗುತ್ತದೆ. ಶೇರ್ ಮಾಡುವಾಗ ಲ್ಯಾಪ್‌ಟಾಪಿನ ಆಡಿಯೋ ಕಳಿಸಲೂ ಆಗುತ್ತಿಲ್ಲ.

ಸಹೋದ್ಯೋಗಿಗಳಿಗೆ ಇದೆಲ್ಲ ಒಂದು ಕ್ಲಿಕ್ಕಿನ ಕೆಲಸ. ಇವು ಸರಿ ಹೋಗುವಂಥವಾ? ಅಥವಾ ಲಿನಕ್ಸ್‌ನವರಿಗೆ ಇಷ್ಟೇ ಅಂತ ಸುಮ್ನಿರಬೇಕಾ?

ಹಳೇಕೀಬೋರ್ಡ್:

ಲಾಗಿನ್ ಆಗುವಾಗ ಮೂಲೆಯಲ್ಲಿರುವ ಗೇರ್ ಗುರುತು ಒತ್ತಿ, ‘ಗ್ನೋಮ್ ಆನ್ ಎಕ್ಸಾರ್ಗ್’ ಆರಿಸಿ. ಎಕ್ಸಾರ್ಗ್ ಅಂದರೆ ಪರದೆ ಮೇಲೆ ಕಿಟಕಿಗಳನ್ನು ತೋರಿಸುವ ಹಳೇ ವ್ಯವಸ್ಥೆ. ಸ್ಕ್ರೀನ್ ಶೇರ್ ಬರುತ್ತದೆ. ನಾನು ಹಾಗೇ ಇದ್ದೇನೆ, ಸುಖವಾಗಿದ್ದೇನೆ.

ತಂತಿಜಾಲ:

ಹಳೇಕೀಬೋರ್ಡ್ ಹೇಳಿದ್ದು ಕೆಲಸ ಮಾಡುತ್ತದೆ, ಅನುಮಾನ ಇಲ್ಲ. ನಾಳೆ ಬೆಳಿಗ್ಗೆ ಮೀಟಿಂಗ್ ಇದ್ದರೆ ಅದನ್ನೇ ಮಾಡಿ. ಆದರೆ ಆ ದಾರಿ ಮುಚ್ಚುತ್ತಾ ಬಂದಿದೆ. 2025ರಲ್ಲಿ ಬಂದ ಫೆಡೋರಾ 43, ಉಬುಂಟು 25.10 ಎರಡರಲ್ಲೂ ಗ್ನೋಮ್‌ನ ಎಕ್ಸಾರ್ಗ್ ಸೆಶನ್ ಇಲ್ಲ. ಹಾಗಾಗಿ ಕಾರಣ ತಿಳಿದಿಟ್ಟುಕೊಳ್ಳುವುದು ಒಳ್ಳೆಯದು.

ಕಿಟಕಿಬಿಟ್ಟವರೇ, ನೀವು ಹೇಳಿದ್ದು ಒಂದು ತೊಂದರೆ ಅಲ್ಲ, ಐದು ಬೇರೆ ಬೇರೆ ತೊಂದರೆ. ಕೆಲವು ಲಿನಕ್ಸ್‌ನವು, ಕೆಲವು ಆ್ಯಪ್‌ನವು, ಒಂದಂತೂ ಎರಡರದ್ದೂ ಅಲ್ಲ. ಮೊದಲು ಕಪ್ಪು ಪರದೆ ನೋಡೋಣ.

ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್’ ತೆರೆದು ‘ವಿಂಡೋಯಿಂಗ್ ಸಿಸ್ಟಮ್’ ಎದುರು ಏನಿದೆ ನೋಡಿ. ಡೆಬಿಯನ್ 12ರ ಗ್ನೋಮ್‌ನಲ್ಲಿ ಸಾಮಾನ್ಯವಾಗಿ ‘ವೇಲ್ಯಾಂಡ್’ ಇರುತ್ತದೆ, ಎಕ್ಸಾರ್ಗ್ ಬದಲು ಬಂದ ಹೊಸ ವ್ಯವಸ್ಥೆ. ಆಮೇಲೆ ‘ಎಕ್ಸ್11-ಆ್ಯಪ್ಸ್’ ಪ್ಯಾಕೇಜ್ ಹಾಕಿ, ಅದರಲ್ಲಿರುವ ‘ಎಕ್ಸ್‌ಐಸ್’ ಓಡಿಸಿ. ಎರಡು ಕಣ್ಣು ಬರುತ್ತವೆ, ಮೌಸ್ ಹೋದ ಕಡೆ ಗುಡ್ಡೆ ತಿರುಗುತ್ತದೆ. ಈಗ ಮೌಸನ್ನು ಮೀಟಿಂಗ್ ಆ್ಯಪ್‌ನ ಕಿಟಕಿ ಮೇಲೆ ಆಡಿಸಿ. ಕಣ್ಣು ಹಿಂಬಾಲಿಸಿದರೆ ಆ ಆ್ಯಪ್ ಎಕ್ಸ್‌ವೇಲ್ಯಾಂಡ್ (ಹಳೇ ಆ್ಯಪ್‌ಗಳನ್ನು ವೇಲ್ಯಾಂಡ್‌ನಲ್ಲಿ ಓಡಿಸುವ ಸೇತುವೆ) ಒಳಗೆ ಓಡುತ್ತಿದೆ. ಕಣ್ಣು ಅಲ್ಲಾಡದೆ ನಿಂತರೆ ಅದು ನಿಜವಾದ ವೇಲ್ಯಾಂಡ್ ಆ್ಯಪ್.

ಕಿಟಕಿಬಿಟ್ಟವ:

ವೇಲ್ಯಾಂಡ್ ಅಂತಲೇ ಇದೆ. ಮೀಟಿಂಗ್ ಆ್ಯಪ್ ಮೇಲೆ ಮೌಸ್ ಆಡಿಸಿದರೆ ಕಣ್ಣು ತಿರುಗುತ್ತದೆ. ಫೈಲ್ಸ್ ಕಿಟಕಿ ಮೇಲೆ ಹೋದರೆ ಅಲ್ಲೇ ನಿಲ್ಲುತ್ತದೆ. ಮಜವಾಗಿದೆ! ಆದರೆ ಇದರ ಅರ್ಥ ಏನು?

ತಂತಿಜಾಲ:

ಹಳೇ ಎಕ್ಸ್11ನಲ್ಲಿ (ಎಕ್ಸಾರ್ಗ್ ಪಾಲಿಸುವ ಪದ್ಧತಿ) ಯಾವ ಪ್ರೋಗ್ರಾಂ ಬೇಕಾದರೂ ಇಡೀ ಪರದೆಯನ್ನು ಕೇಳದೆಯೇ ಓದಬಹುದು. ನೀವು ಪಾಸ್‌ವರ್ಡ್ ತೆರೆದಿಟ್ಟ ಕಿಟಕಿಯೂ ಸೇರಿ. ವೇಲ್ಯಾಂಡ್ ಅದನ್ನು ನಿಲ್ಲಿಸಿತು. ಒಂದು ಆ್ಯಪ್‌ಗೆ ಇನ್ನೊಂದರ ಕಿಟಕಿ ಕಾಣುವುದೇ ಇಲ್ಲ. ನಿಮ್ಮ ಮೀಟಿಂಗ್ ಆ್ಯಪ್ ಇನ್ನೂ ಹಳೇ ರೀತಿಯಲ್ಲೇ ‘ಪೂರ್ತಿ ಪರದೆ ಕೊಡು’ ಅಂತ ಎಕ್ಸ್ ಸರ್ವರನ್ನು ಕೇಳುತ್ತಿದೆ. ಅಲ್ಲಿ ಪರದೆ ಇದ್ದರೆ ತಾನೇ ಕೊಡುವುದು? ಕಪ್ಪು ಬರುತ್ತದೆ.

ಸರಿಯಾದ ದಾರಿ ಬೇರೆ ಇದೆ. ಆ್ಯಪ್ ‘ಎಕ್ಸ್‌ಡಿಜಿ-ಡೆಸ್ಕ್‌ಟಾಪ್-ಪೋರ್ಟಲ್’ ಅನ್ನುವ ಮಧ್ಯವರ್ತಿಗೆ ಬೇಡಿಕೆ ಇಡಬೇಕು. ಪೋರ್ಟಲ್ ನಿಮ್ಮನ್ನು ‘ಯಾವ ಕಿಟಕಿ, ಯಾವ ಪರದೆ?’ ಅಂತ ಕೇಳುತ್ತದೆ. ನೀವು ಆರಿಸಿದ ಮೇಲೆ ಆ ಚಿತ್ರ ಪೈಪ್‌ವೈರ್ (ಆಡಿಯೋ, ವಿಡಿಯೋ ಸಾಗಿಸುವ ವ್ಯವಸ್ಥೆ) ಮೂಲಕ ಆ್ಯಪ್‌ಗೆ ಹೋಗುತ್ತದೆ. ನಿಮ್ಮ ಗ್ನೋಮ್‌ನಲ್ಲಿ ಇವೆಲ್ಲ ಆಗಲೇ ಇವೆ. ಕ್ರೋಮ್ ಆವೃತ್ತಿ 110ರಿಂದ ಈ ದಾರಿಯನ್ನು ತಾನಾಗಿಯೇ ಬಳಸುತ್ತದೆ, ಫೈರ್‌ಫಾಕ್ಸ್ ಕೂಡ ಬಳಸುತ್ತದೆ. ಅಂದರೆ ಲಿನಕ್ಸ್ ತನ್ನ ಕೆಲಸ ಮುಗಿಸಿದೆ, ನಿಮ್ಮ ಆ್ಯಪ್ ಮುಗಿಸಿಲ್ಲ.

ಅದೇ ಮೀಟಿಂಗನ್ನು ಬ್ರೌಸರಿನಲ್ಲಿ ತೆರೆದು ನೋಡಿ. ಕೆಲವು ಸಲ ಬ್ರೌಸರ್ ಒಮ್ಮೆ, ಪೋರ್ಟಲ್ ಇನ್ನೊಮ್ಮೆ ಕೇಳುತ್ತದೆ. ಎರಡು ಸಲ ಆರಿಸುವುದು ಕಿರಿಕಿರಿ, ಆದರೂ ಕೆಲಸ ಆಗುತ್ತದೆ.

ಸ್ವೇವಾಲಾ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಗ್ನೋಮ್ ಬದಲು ಸ್ವೇ ಡೆಸ್ಕ್‌ಟಾಪ್ ಬಳಸುತ್ತೇನೆ. ಬ್ರೌಸರಿನಲ್ಲೂ ಏನೂ ಬರುತ್ತಿಲ್ಲ. ಶೇರ್ ಒತ್ತಿದರೆ ಆಯ್ಕೆಯ ಕಿಟಕಿಯೇ ತೆರೆಯುವುದಿಲ್ಲ.

ತಂತಿಜಾಲ:

ನಿಮ್ಮದು ಬೇರೆ ಕಥೆ. ಪೋರ್ಟಲ್ ಅಂದರೆ ಎರಡು ಭಾಗ. ಒಂದು ಎಲ್ಲರಿಗೂ ಸಮಾನ, ಇನ್ನೊಂದು ಆಯಾ ಡೆಸ್ಕ್‌ಟಾಪಿಗೆ ತಕ್ಕದ್ದು. ಗ್ನೋಮ್‌ಗೆ ಒಂದು, ಕೆಡಿಇಗೆ ಒಂದು, ಸ್ವೇ ಥರದವಕ್ಕೆ ‘ಎಕ್ಸ್‌ಡಿಜಿ-ಡೆಸ್ಕ್‌ಟಾಪ್-ಪೋರ್ಟಲ್-ಡಬ್ಲ್ಯೂಎಲ್‌ಆರ್’. ಅದನ್ನು ಹಾಕಿಕೊಂಡಿದ್ದೀರಾ?

ಹಾಕಿದ್ದೂ ಬರದಿದ್ದರೆ, ಪೋರ್ಟಲ್‌ಗೆ ತಾನು ಯಾವ ಡೆಸ್ಕ್‌ಟಾಪಿನಲ್ಲಿದ್ದೇನೆ ಅಂತ ಗೊತ್ತಾಗಿರುವುದಿಲ್ಲ. ಅದನ್ನು ಎಬ್ಬಿಸುವುದು ಹಿನ್ನೆಲೆ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ, ನಿಮ್ಮ ಸ್ವೇ ಅಲ್ಲ. ಸ್ವೇ ಕಾನ್ಫಿಗ್ ಫೈಲಿನಲ್ಲಿ ‘ಡಿಬಸ್-ಅಪ್‌ಡೇಟ್-ಆ್ಯಕ್ಟಿವೇಶನ್-ಎನ್ವಿರಾನ್ಮೆಂಟ್’ ಆದೇಶವನ್ನು ಓಡಿಸುವ ಒಂದು ಸಾಲು ಸೇರಿಸಿ. ವೇಲ್ಯಾಂಡ್ ಡಿಸ್‌ಪ್ಲೇ, ಕರೆಂಟ್ ಡೆಸ್ಕ್‌ಟಾಪ್ ಎರಡೂ ವೇರಿಯಬಲ್‌ಗಳನ್ನು ಅದರಿಂದ ಸಿಸ್ಟಮ್‌ಡಿಗೂ ಕಳಿಸಿ, ಎರಡನೆಯದರ ಬೆಲೆ ‘ಸ್ವೇ’ ಅಂತಿರಲಿ. ಲಾಗೌಟ್ ಆಗಿ ಬನ್ನಿ.

ಸ್ವೇವಾಲಾ:

ಬಂತು! ಪ್ಯಾಕೇಜ್ ಮೊದಲೇ ಇತ್ತು, ಆ ಸಾಲು ಇರಲಿಲ್ಲ. ಪೂರ್ತಿ ಪರದೆ ಮಾತ್ರ ಶೇರ್ ಆಗುತ್ತಿದೆ, ಒಂದೇ ಕಿಟಕಿ ಆರಿಸಲು ಆಗುತ್ತಿಲ್ಲ. ಸದ್ಯಕ್ಕೆ ಇಷ್ಟು ಸಾಕು.

ಕಿಟಕಿಬಿಟ್ಟವ:

ನನಗೂ ಬ್ರೌಸರಿನಲ್ಲಿ ಶೇರ್ ಬಂತು. ಬ್ಲರ್ ಬಟನ್ ಕೂಡ ಅಲ್ಲಿ ಇದೆ! ಅದೇ ಕಂಪನಿ, ಅದೇ ಮೀಟಿಂಗ್, ಆ್ಯಪ್‌ನಲ್ಲಿ ಇಲ್ಲದ್ದು ಬ್ರೌಸರಿನಲ್ಲಿ ಇದೆ. ಇದ್ಯಾವ ನ್ಯಾಯ? ಬ್ಲರ್ ಹಾಕಿದರೆ ಫ್ಯಾನ್ ಮಾತ್ರ ಜೋರಾಗಿ ತಿರುಗುತ್ತದೆ. ಕ್ಯಾಮೆರಾ ಆ್ಯಪ್‌ನಲ್ಲಿ ಇನ್ನೂ ತಡವರಿಸುತ್ತದೆ, ಬ್ರೌಸರಿನಲ್ಲಿ ಪರವಾಗಿಲ್ಲ.

ಪೆಂಗ್ವಿನ್‌ಮರಿ:

ಕ್ಯಾಮೆರಾದ ಕಾರಣ ನನಗೆ ಗೊತ್ತು. ‘ವಿ4ಎಲ್-ಯುಟಿಲ್ಸ್’ ಪ್ಯಾಕೇಜ್ ಹಾಕಿ ‘ವಿ4ಎಲ್2-ಸಿಟಿಎಲ್’ಗೆ ಫಾರ್ಮ್ಯಾಟ್ ಪಟ್ಟಿ ಕೇಳಿ. ನಿಮ್ಮ ಕ್ಯಾಮೆರಾ ಎರಡು ರೂಪದಲ್ಲಿ ಚಿತ್ರ ಕೊಡುತ್ತಿರಬೇಕು. ವೈಯುವೈವಿ ಅಂದರೆ ಕುಗ್ಗಿಸದ ಚಿತ್ರ. ಎಂಜೆಪೆಗ್ ಅಂದರೆ ಕುಗ್ಗಿಸಿದ್ದು. 1280×720ರ ಎದುರು ಎರಡರಲ್ಲೂ ಎಷ್ಟು ಎಫ್‌ಪಿಎಸ್ (ಸೆಕೆಂಡಿಗೆ ಫ್ರೇಮ್) ಇದೆ ಹೇಳಿ.

ಕಿಟಕಿಬಿಟ್ಟವ:

ವೈಯುವೈವಿಯಲ್ಲಿ 10, ಎಂಜೆಪೆಗ್‌ನಲ್ಲಿ 30. 640×480ಕ್ಕೆ ಎರಡರಲ್ಲೂ 30.

ಪೆಂಗ್ವಿನ್‌ಮರಿ:

ಅದೇ. ಲೆಕ್ಕ ಮಾಡಿ ನೋಡಿ. ವೈಯುವೈವಿಯಲ್ಲಿ ಒಂದು ಪಿಕ್ಸೆಲ್‌ಗೆ 2 ಬೈಟ್. 1280×720 ಅಂದರೆ ಒಂದು ಫ್ರೇಮ್‌ಗೆ 18 ಲಕ್ಷ ಚಿಲ್ಲರೆ ಬೈಟ್. ಸೆಕೆಂಡಿಗೆ 30 ಬೇಕಾದರೆ ಸುಮಾರು 55 ಎಂಬಿ. ಯುಎಸ್‌ಬಿ 2.0ರಲ್ಲಿ ಕ್ಯಾಮೆರಾ ಥರದ ಸಾಧನಕ್ಕೆ ಸಿಗುವ ಜಾಗ ಹೆಚ್ಚೆಂದರೆ ಸೆಕೆಂಡಿಗೆ 24 ಎಂಬಿ ಆಸುಪಾಸು. ಹಿಡಿಸುವುದಿಲ್ಲ. 10 ಫ್ರೇಮ್ ಆದರೆ 18.4 ಎಂಬಿ, ಹಿಡಿಸುತ್ತದೆ. 640×480ರ 30 ಫ್ರೇಮ್‌ಗೂ ಸರಿಯಾಗಿ ಅಷ್ಟೇ ಆಗುತ್ತದೆ, ಬೇಕಾದರೆ ಗುಣಿಸಿ ನೋಡಿ.

ನಿಮ್ಮ ಆ್ಯಪ್ ವೈಯುವೈವಿ ಆರಿಸಿಕೊಂಡು ಕೂತಿದೆ. ಕ್ರೋಮ್‌ನ ಮೂಲವಾದ ಕ್ರೋಮಿಯಂ ದೊಡ್ಡ ಅಳತೆಗೆ ಎಂಜೆಪೆಗ್ ಹಿಡಿಯುತ್ತದೆ, ಅದಕ್ಕೇ ಬ್ರೌಸರಿನಲ್ಲಿ ಚೆನ್ನಾಗಿದೆ. ಆ್ಯಪ್‌ನಲ್ಲೇ ಇರಬೇಕು ಅಂದರೆ ಎಚ್‌ಡಿ ಆಯ್ಕೆ ತೆಗೆದುಬಿಡಿ.

ಇನ್ನೊಂದು ವಿಷಯ. ಸಂಜೆ ಬೆಳಕು ಕಮ್ಮಿಯಾದಾಗ ಮಾತ್ರ ಫ್ರೇಮ್ ಬಿದ್ದರೆ ಅದು ಇದಲ್ಲ. ಕತ್ತಲಲ್ಲಿ ಕ್ಯಾಮೆರಾ ಪ್ರತಿ ಫ್ರೇಮ್‌ಗೂ ಜಾಸ್ತಿ ಹೊತ್ತು ಬೆಳಕು ಹಿಡಿಯುತ್ತದೆ. ‘ಜಿಯುವಿಸಿವ್ಯೂ’ ಹಾಕಿದರೆ ಕ್ಯಾಮೆರಾದ ಎಲ್ಲ ನಿಯಂತ್ರಣ ಒಂದೇ ಕಿಟಕಿಯಲ್ಲಿ ಸಿಗುತ್ತದೆ. ಅದರಲ್ಲಿ ಎಕ್ಸ್‌ಪೋಶರ್‌ಗೆ ತಕ್ಕಂತೆ ಫ್ರೇಮ್‌ರೇಟ್ ಬದಲಿಸುವ ಟಿಕ್ ತೆಗೆಯಿರಿ. ಮುಖ ಸ್ವಲ್ಪ ಕಪ್ಪಾಗುತ್ತದೆ, ಆದರೆ ತಡವರಿಕೆ ನಿಲ್ಲುತ್ತದೆ. ಒಂದು ಟೇಬಲ್ ಲ್ಯಾಂಪ್ ಇಟ್ಟರೆ ಇನ್ನೂ ಒಳ್ಳೆಯದು.

ಹಳೇಕೀಬೋರ್ಡ್:

ನನ್ನ ಗೆಳೆಯನ ಹೊಸ ಲ್ಯಾಪ್‌ಟಾಪಿನಲ್ಲಿ ಒಳಗಿನ ಕ್ಯಾಮೆರಾ ಲಿನಕ್ಸ್‌ಗೆ ಕಾಣುವುದೇ ಇಲ್ಲ. ಇದಕ್ಕೂ ಲೆಕ್ಕ ಇದೆಯಾ?

ತಂತಿಜಾಲ:

ಅದು ಇಂಟೆಲ್ ಐಪಿಯು6 ಅನ್ನುವ ಕ್ಯಾಮೆರಾ ಘಟಕ ಇರುವ ಯಂತ್ರ ಇರಬಹುದು. ಮಾಮೂಲಿ ಕ್ಯಾಮೆರಾಗಳು ಯುವಿಸಿ ಅನ್ನುವ ಸಾಮಾನ್ಯ ನಿಯಮ ಪಾಲಿಸುತ್ತವೆ, ಅದರ ಡ್ರೈವರ್ 2008ರಿಂದಲೇ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿದೆ. ಐಪಿಯು6ನಲ್ಲಿ ಕ್ಯಾಮೆರಾ ಹಸಿ ಚಿತ್ರ ಕೊಡುತ್ತದೆ, ಬಣ್ಣ, ಬೆಳಕು ಎಲ್ಲ ಲ್ಯಾಪ್‌ಟಾಪ್ ಕಡೆಯೇ ಸರಿ ಮಾಡಬೇಕು. ಇದರ ಮೂಲ ಡ್ರೈವರ್ ಕರ್ನಲ್ 6.10ರಲ್ಲಿ ಸೇರಿತು, ಉಳಿದದ್ದು ಲಿಬ್‌ಕ್ಯಾಮೆರಾ ಅನ್ನುವ ಲೈಬ್ರರಿಯ ಕೆಲಸ. ಹೊಸ ಡಿಸ್ಟ್ರೋ ಹಾಕಿ ನೋಡಲಿ. ತುರ್ತಿದ್ದರೆ ಒಂದು ಯುಎಸ್‌ಬಿ ಕ್ಯಾಮೆರಾ.

ಕಿಟಕಿಬಿಟ್ಟವರೇ, ಈಗ ಹೆಡ್‌ಸೆಟ್. ಇದರಲ್ಲಿ ಲಿನಕ್ಸ್‌ನ ತಪ್ಪಿಲ್ಲ, ವಿಂಡೋಸ್‌ನಲ್ಲೂ ಹಾಗೇ ಆಗುತ್ತದೆ. ಹಾಡು ಬರುವುದು ಬ್ಲೂಟೂತ್‌ನ ಎ2ಡಿಪಿ ಪ್ರೊಫೈಲ್‌ನಲ್ಲಿ, ಅದರಲ್ಲಿ ಮೈಕ್ ಇಲ್ಲ. ಮೈಕ್ ತೆರೆದ ಕೂಡಲೇ ಹೆಡ್‌ಸೆಟ್ ಕಾಲ್‌ಗಾಗಿ ಇರುವ ಎಚ್‌ಎಫ್‌ಪಿ ಪ್ರೊಫೈಲ್‌ಗೆ ಜಾರುತ್ತದೆ. ಅಲ್ಲಿ ಸಿವಿಎಸ್‌ಡಿ ಕೋಡೆಕ್ (ಧ್ವನಿ ಕುಗ್ಗಿಸುವ ವಿಧಾನ) ಆದರೆ 8 ಕಿಲೋಹರ್ಟ್ಸ್, ಎಂಎಸ್‌ಬಿಸಿ ಆದರೆ 16. ಆಡಿಯೋ ಹೊಂದಿಸುವ ‘ಪಾವುಕಂಟ್ರೋಲ್’ ಆ್ಯಪ್‌ನ ಕಾನ್ಫಿಗರೇಶನ್ ಪುಟದಲ್ಲಿ ಎಂಎಸ್‌ಬಿಸಿ ಕಂಡರೆ ಅದನ್ನೇ ಆರಿಸಿ. ಇನ್ನೂ ಒಳ್ಳೆಯ ಉಪಾಯ: ಮೈಕ್ ಆಗಿ ಲ್ಯಾಪ್‌ಟಾಪಿನದ್ದನ್ನೇ ಆರಿಸಿ, ಹೆಡ್‌ಸೆಟ್ಟನ್ನು ಎ2ಡಿಪಿಯಲ್ಲೇ ಬಿಡಿ. ಎದುರಿನವರ ಧ್ವನಿ ಸ್ವಚ್ಛವಾಗಿ ಕೇಳುತ್ತದೆ.

ಕಿಟಕಿಬಿಟ್ಟವ:

ಲ್ಯಾಪ್‌ಟಾಪ್ ಮೈಕ್ ಉಪಾಯ ಸೂಪರ್. ಬ್ಲರ್‌ಗೆ ಒಬಿಎಸ್ ಅನ್ನುವ ವಿಡಿಯೋ ಸಾಫ್ಟ್‌ವೇರ್ ಬಳಸಿದರೆ ಆ್ಯಪ್‌ನಲ್ಲೂ ಬರುತ್ತದೆ ಅಂತ ಎಲ್ಲೋ ಓದಿದೆ. ಅದಕ್ಕೆ ಬೇಕಾದ ನಕಲಿ ಕ್ಯಾಮೆರಾ ಮಾಡುವ ‘ವಿ4ಎಲ್2ಲೂಪ್‌ಬ್ಯಾಕ್’ ಹಾಕಿದೆ. ಮಾಡ್ಯೂಲ್ ಲೋಡ್ ಮಾಡಿದರೆ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಅನ್ನುತ್ತದೆ.

ಪೆಂಗ್ವಿನ್‌ಮರಿ:

ಸೆಕ್ಯೂರ್ ಬೂಟ್ ಆನ್ ಇದೆ, ಅದಕ್ಕೇ. ಅದು ಆನ್ ಇದ್ದರೆ ಗೊತ್ತಿರುವ ಸಹಿ ಇಲ್ಲದ ಮಾಡ್ಯೂಲ್ ಲೋಡ್ ಆಗುವುದಿಲ್ಲ. ಆ ಮಾಡ್ಯೂಲ್ ನಿಮ್ಮ ಯಂತ್ರದಲ್ಲೇ ಕಂಪೈಲ್ ಆಗಿದ್ದು, ಅದರ ಸಹಿ ಕರ್ನಲ್‌ಗೆ ಗೊತ್ತಿಲ್ಲ. ಅದನ್ನು ಕಂಪೈಲ್ ಮಾಡುವ ಡಿಕೆಎಂಎಸ್ ತನ್ನ ಫೋಲ್ಡರಿನಲ್ಲಿ ಸಹಿ ಹಾಕಲು ಒಂದು ‘ಎಂಒಕೆ’ ಕೀ ಮಾಡಿಟ್ಟಿರುತ್ತದೆ. ಅದನ್ನು ‘ಮೋಕ್‌ಯುಟಿಲ್’ನಿಂದ ಇಂಪೋರ್ಟ್ ಮಾಡಿ. ಅದು ಒಂದು ಪಾಸ್‌ವರ್ಡ್ ಕೇಳುತ್ತದೆ, ನೆನಪಿಟ್ಟುಕೊಳ್ಳಿ. ರೀಬೂಟ್ ಆದಾಗ ನೀಲಿ ಪರದೆ ಬರುತ್ತದೆ, ಗಾಬರಿ ಬೇಡ. ‘ಎನ್‌ರೋಲ್ ಎಂಒಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಡಿ. ಆ ಪರದೆ ಸ್ವಲ್ಪ ಹೊತ್ತಷ್ಟೇ ಕಾಯುತ್ತದೆ. ಟೀ ಕುಡಿಯಲು ಎದ್ದು ಹೋದರೆ ಮತ್ತೆ ಮೊದಲಿಂದ.

ಮಾಡ್ಯೂಲನ್ನು ನೀವೇ ಲೋಡ್ ಮಾಡುವುದಾದರೆ ‘ಎಕ್ಸ್‌ಕ್ಲೂಸಿವ್ ಕ್ಯಾಪ್ಸ್’ 1 ಅಂತ ಕೊಡಿ, ಇಲ್ಲದಿದ್ದರೆ ಕ್ರೋಮ್‌ಗೆ ಆ ಕ್ಯಾಮೆರಾ ಕಾಣುವುದಿಲ್ಲ. ಒಬಿಎಸ್‌ಗೆ ಹಿನ್ನೆಲೆ ತೆಗೆಯುವ ಪ್ಲಗಿನ್ ಬೇರೆಯಾಗಿ ಹಾಕಬೇಕು. ನನ್ನ ಅಭಿಪ್ರಾಯ ಕೇಳಿದರೆ, ಬ್ರೌಸರಿನಲ್ಲಿ ಬ್ಲರ್ ಇರುವಾಗ ಇಷ್ಟೆಲ್ಲ ಯಾಕೆ? ಸುಮ್ನೆ ಸಿಪಿಯು ಬಿಸಿ. ಹಿಂದಿನ ಗೋಡೆ ಕಡೆ ಬೆನ್ನು ಮಾಡಿ ಕೂತರೂ ನಡೆಯುತ್ತದೆ.

ತಂತಿಜಾಲ:

ಫ್ಯಾನ್ ವಿಷಯಕ್ಕೆ: ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಗ್ರಾಫಿಕ್ಸ್ ಆ್ಯಕ್ಸಿಲರೇಶನ್ ಆನ್ ಇದೆಯಾ ನೋಡಿ. ಆಫ್ ಇದ್ದರೆ ಬ್ಲರ್ ಪೂರ್ತಿ ಸಿಪಿಯು ಮೇಲೆ ಬೀಳುತ್ತದೆ. ಆನ್ ಇದ್ದರೂ ಕ್ಯಾಮೆರಾ ವಿಡಿಯೋ ಎನ್‌ಕೋಡ್ ಮಾಡುವುದು ಲಿನಕ್ಸ್‌ನಲ್ಲಿ ಬಹಳ ಸಲ ಸಿಪಿಯುನೇ. ಇಲ್ಲಿ ನಾವು ನಿಜವಾಗಿ ಹಿಂದಿದ್ದೇವೆ.

ಆಡಿಯೋ ಕಳಿಸುವುದೂ ಹಾಗೇ. ವಿಂಡೋಸ್ ಕ್ರೋಮ್‌ನಲ್ಲಿ ಪೂರ್ತಿ ಪರದೆ ಶೇರ್ ಮಾಡುವಾಗ ಸಿಸ್ಟಮ್ ಆಡಿಯೋ ಟಿಕ್ ಇರುತ್ತದೆ. ನಮ್ಮಲ್ಲಿ ಟ್ಯಾಬ್ ಶೇರ್ ಮಾಡಿದರೆ ಆ ಟ್ಯಾಬಿನ ಆಡಿಯೋ ಹೋಗುತ್ತದೆ, ಅಷ್ಟೇ. ಬೇರೆ ಪ್ಲೇಯರ್ ಕಳಿಸಬೇಕಾದರೆ ಪೈಪ್‌ವೈರ್‌ನ ಜೋಡಣೆಗಳನ್ನು ತೋರಿಸುವ ‘ಕ್ಯೂಪಿಡಬ್ಲ್ಯೂಗ್ರಾಫ್’ ತೆರೆಯಿರಿ. ಪ್ಲೇಯರ್‌ನ ಔಟ್‌ಪುಟ್‌ನಿಂದ ಬ್ರೌಸರಿನ ಇನ್‌ಪುಟ್‌ಗೆ ಮೌಸಿನಿಂದ ಒಂದು ತಂತಿ ಎಳೆಯಿರಿ, ಮೈಕ್ ತಂತಿ ಹಾಗೇ ಇರಲಿ. ಬ್ರೌಸರಿನ ಔಟ್‌ಪುಟ್ಟನ್ನು ಮಾತ್ರ ಅದರ ಇನ್‌ಪುಟ್‌ಗೇ ಸೇರಿಸಬೇಡಿ, ಎದುರಿನವರಿಗೆ ಅವರ ಮಾತೇ ವಾಪಸ್ ಕೇಳುತ್ತದೆ. ಮೀಟಿಂಗ್‌ನ ನಾಯ್ಸ್ ಸಪ್ರೆಶನ್ ಆಫ್ ಮಾಡಿ. ಅದು ಹಾಡನ್ನೂ ಗಲಾಟೆ ಅಂದುಕೊಂಡು ನುಂಗುತ್ತದೆ.

ಹಳೇಕೀಬೋರ್ಡ್:

ಇಷ್ಟೆಲ್ಲ ತಂತಿ ಎಳೆಯುವ ಬದಲು ಕಂಪನಿಗಳು ಸರಿಯಾದ ಆ್ಯಪ್ ಕೊಡಬಾರದಾ? ಸ್ಕೈಪ್ ಕಾಲದಿಂದ ಕೇಳುತ್ತಿದ್ದೇವೆ.

ತಂತಿಜಾಲ:

ಕೇಳಿದ್ದಕ್ಕೆ ಏನು ಸಿಕ್ಕಿತು ನೋಡಿ. ಸ್ಕೈಪ್‌ನ ಹಳೇ ಲಿನಕ್ಸ್ ಆವೃತ್ತಿ 2014ರ 4.3ಕ್ಕೆ ನಿಂತಿತು. 2016ರಲ್ಲಿ ಹೊಸದಾಗಿ ಆಲ್ಫಾ ಬಂತು. 2025ರ ಮೇನಲ್ಲಿ ಸ್ಕೈಪೇ ಮುಚ್ಚಿತು. ಮೈಕ್ರೋಸಾಫ್ಟ್ ಟೀಮ್ಸ್‌ನ ಲಿನಕ್ಸ್ ಆ್ಯಪ್ 2019ರ ಕೊನೆಗೆ ಬಂದು 2022ರ ಕೊನೆಗೆ ಹೋಯಿತು, ಬದಲಿಗೆ ಬ್ರೌಸರ್ ಮೂಲಕ ಹಾಕಿಕೊಳ್ಳುವ ವೆಬ್ ಆ್ಯಪ್ ಕೊಟ್ಟರು. ಆ ಬದಲಿ ನನಗೆ ಬೇಸರ ತರಲಿಲ್ಲ. ಮೂಲೆಗೆ ಬಿದ್ದ ಆ್ಯಪ್‌ಗಿಂತ ಎಲ್ಲರೂ ಬಳಸುವ ಬ್ರೌಸರ್ ಮೇಲು. ವೆಬ್‌ಆರ್‌ಟಿಸಿ (ಬ್ರೌಸರಿನಲ್ಲೇ ಕಾಲ್ ಮಾಡುವ ತಂತ್ರ) ಬಂದ ಮೇಲೆ ನಮಗೆ ಸಮಾನತೆ ಸಿಕ್ಕಿದ್ದರೆ ಅಲ್ಲೇ ಸಿಕ್ಕಿದ್ದು.

ಕಿಟಕಿಬಿಟ್ಟವ:

ಈಗಿನ ಸ್ಥಿತಿ: ಶೇರ್, ಕ್ಯಾಮೆರಾ, ಹೆಡ್‌ಸೆಟ್, ಆಡಿಯೋ ಎಲ್ಲ ಆಯಿತು. ಒಬಿಎಸ್ ಕೈಬಿಟ್ಟೆ, ಬ್ರೌಸರಿನ ಬ್ಲರ್ ಸಾಕು. ಒಂದೇ ಬಾಕಿ. ಮೀಟಿಂಗ್‌ನಲ್ಲಿ ಸಹೋದ್ಯೋಗಿ ನನ್ನ ಪರದೆಯ ಕಂಟ್ರೋಲ್ ತಗೊಂಡು ಕ್ಲಿಕ್ ಮಾಡುವುದು ಆಗುತ್ತಿಲ್ಲ.

ತಂತಿಜಾಲ:

ಅದು ಇನ್ನೂ ಕಷ್ಟ. ಪರದೆ ತೋರಿಸುವುದು ಬೇರೆ, ಮೌಸ್ ಬಿಟ್ಟುಕೊಡುವುದು ಬೇರೆ. ಪೋರ್ಟಲ್‌ನಲ್ಲಿ ‘ರಿಮೋಟ್ ಡೆಸ್ಕ್‌ಟಾಪ್’ ಅಂತ ಅದಕ್ಕೂ ದಾರಿ ಇದೆ, ಮೌಸ್, ಕೀಬೋರ್ಡ್ ಸಂಕೇತ ಕಳಿಸುವ ಲಿಬ್‌ಇಐ ಅನ್ನುವ ಲೈಬ್ರರಿಯೂ ಬಂದಿದೆ. ಮೀಟಿಂಗ್ ಆ್ಯಪ್ ಅದನ್ನು ಬಳಸಬೇಕಷ್ಟೇ. ಇಬ್ಬರೂ ಒಂದೇ ನೆಟ್‌ವರ್ಕಿನಲ್ಲಿದ್ದರೆ ಗ್ನೋಮ್ ಸೆಟ್ಟಿಂಗ್ಸ್‌ನ ಶೇರಿಂಗ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಆನ್ ಮಾಡಿ. ಅವರು ವಿಂಡೋಸ್‌ನಿಂದಲೇ ಆರ್‌ಡಿಪಿ (ರಿಮೋಟ್ ಡೆಸ್ಕ್‌ಟಾಪ್ ಸಂಪರ್ಕ) ಮೂಲಕ ಬರಬಹುದು. ಇಲ್ಲದಿದ್ದರೆ ಆ ಒಂದು ಕಾಲ್‌ಗೆ ಹಳೇಕೀಬೋರ್ಡ್ ಹೇಳಿದ ಎಕ್ಸಾರ್ಗ್.

ಆ್ಯಪ್ ಕಂಪನಿಗೆ ಬರೆಯುವುದಾದರೆ ‘ಲಿನಕ್ಸ್‌ಗೂ ಕೊಡಿ’ ಅಂತ ಬರೆಯಬೇಡಿ, ಅದನ್ನು ಯಾರೂ ಓದುವುದಿಲ್ಲ. ‘ವೇಲ್ಯಾಂಡ್ ಸೆಶನ್‌ನಲ್ಲಿ ಸ್ಕ್ರೀನ್‌ಕಾಸ್ಟ್ ಮತ್ತು ರಿಮೋಟ್ ಡೆಸ್ಕ್‌ಟಾಪ್ ಪೋರ್ಟಲ್ ಬಳಸಿ, 720ಪಿಗೆ ಎಂಜೆಪೆಗ್ ಆರಿಸಿ’ ಅಂತ ಬರೆಯಿರಿ. ಕ್ಯಾಮೆರಾದ ಫಾರ್ಮ್ಯಾಟ್ ಪಟ್ಟಿಯನ್ನೂ ಜೊತೆಗೆ ಹಾಕಿ.

ಕಿಟಕಿಬಿಟ್ಟವ:

ಹಾಗೇ ಕಳಿಸಿದೆ. ಶೀರ್ಷಿಕೆಗೆ ‘ಮುಕ್ಕಾಲು ಪರಿಹಾರ’ ಅಂತ ಸೇರಿಸಿದ್ದೇನೆ. ಕಂಪನಿಯಿಂದ ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ.