"ಅ ಆ ಇ ಈ ಬಿಟ್ಟು ರ ಗ ಸ ಏಕೆ?" ಎನ್ನುವ ಪೋಷಕರಿಗೆ ಹೊಸ ಕಲಿಕಾ ಗುರಿಗಳನ್ನು ತಿಳಿಸುವುದು ಹೇಗೆ?

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನ ಶಿಕ್ಷಕಿ

ಕಾಫಿ ತೋಟಗಳ ನಡುವಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಒಂದರಿಂದ ಮೂರನೇ ತರಗತಿಯ ನಲಿ-ಕಲಿ (ಹಾಡು, ಆಟ, ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ) ಮಕ್ಕಳಿಗೆ ಪಾಠ ಮಾಡುತ್ತೇನೆ. ಮುಂದಿನ ತಿಂಗಳ ಪೋಷಕರ ಸಭೆಯಲ್ಲಿ ಮೂರನೇ ತರಗತಿಯೊಳಗೆ ಎಲ್ಲ ಮಕ್ಕಳಿಗೂ ಓದು, ಬರಹ, ಲೆಕ್ಕ ಬರಬೇಕೆನ್ನುವ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆಯ ತರಗತಿವಾರು ಗುರಿಗಳನ್ನು ವಿವರಿಸಬೇಕಾಗಿದೆ. ಕಳೆದ ವರ್ಷ ಅವನ್ನು ಹಾಗೆಯೇ ಓದಿ ಹೇಳಿದ್ದೆ: ಒಂದನೇ ತರಗತಿ ಮುಗಿಯುವ ಹೊತ್ತಿಗೆ ನಾಲ್ಕೈದು ಸರಳ ಪದಗಳ ವಾಕ್ಯವನ್ನು ಓದಬೇಕು, 99ರವರೆಗಿನ ಸಂಖ್ಯೆಗಳು ಬರಬೇಕು, ಎರಡನೆಯದರಲ್ಲಿ ನಿಮಿಷಕ್ಕೆ 45ರಿಂದ 60 ಪದ ಮತ್ತು 999ರವರೆಗಿನ ಸಂಖ್ಯೆಗಳು, ಮೂರನೆಯದರಲ್ಲಿ ಕನಿಷ್ಠ 60 ಪದ ಮತ್ತು 9999ರವರೆಗಿನ ಸಂಖ್ಯೆಗಳು. ಕಾಲು ಗಂಟೆ ವಿವರಿಸಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು, "ಅದಿರ್ಲಿ ಮೇಡಂ, ನನ್ನ ಮಗಳು ಪಾಸಾ?" ಎಂದು ಕೇಳಿದರು.

ಅವರ ಆಕ್ಷೇಪಗಳು ಬೇರೆಯೇ ಇವೆ. ವರ್ಣಮಾಲೆ ಬಿಟ್ಟು "ರ ಗ ಸ ದ ಅ" ಎಂದು ಏಕೆ ಆರಂಭಿಸುತ್ತೀರಿ, ಮಗ್ಗಿಯನ್ನು ಏಕೆ ಬಾಯಿಪಾಠ ಮಾಡಿಸುವುದಿಲ್ಲ, ಅಂಕಗಳೇ ಇಲ್ಲದಿದ್ದರೆ ಮಗು ಎಲ್ಲಿದೆ ಎಂದು ನಮಗೆ ತಿಳಿಯುವುದು ಹೇಗೆ ಎಂದು ಕೇಳುತ್ತಾರೆ. ಹೆಚ್ಚಿನವರು ಕೂಲಿಗೆ ಹೋಗುವವರು, ಕೆಲವರಿಗೆ ಓದು ಬರಹ ಬಾರದು. ಇವರಿಗೆ ಅರ್ಥವಾಗುವಂತೆ ತಿಳಿಸಿ ಮನೆಯಲ್ಲಿಯೂ ಸಹಕಾರ ಪಡೆಯಲು ನೀವೆಲ್ಲ ಏನು ಮಾಡುತ್ತೀರಿ?

ಉತ್ತರ 1: ನಿವೃತ್ತ ಸಿಆರ್‌ಪಿ (ಸುತ್ತಲಿನ ಶಾಲೆಗಳಿಗೆ ಮಾರ್ಗದರ್ಶನ ನೀಡುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಬೇಲೂರು

ಮೇಡಂ, ನಾನೂ ಇದೇ ತಪ್ಪನ್ನು ಹಲವು ವರ್ಷ ಮಾಡಿದವನು. ಒಂದು ಸಭೆಯಲ್ಲಿ "ಕಲಿಕಾ ಫಲಗಳು" ಎಂದು ಹತ್ತಾರು ಬಾರಿ ಹೇಳಿದ ಮೇಲೆ ಒಬ್ಬ ಅಜ್ಜಿ, "ಆ ಫಲ ಯಾವ ತಿಂಗಳಿಗೆ ಕೈಗೆ ಬರ್ತದೆ ಸ್ವಾಮಿ?" ಎಂದು ಕೇಳಿದ್ದರು. ಎಲ್ಲರೂ ನಕ್ಕರೂ ಅಜ್ಜಿಯ ಪ್ರಶ್ನೆ ಸರಿಯಾಗಿಯೇ ಇತ್ತು. ಗುರಿಗಳ ಪಟ್ಟಿ ನಮಗಾಗಿ ಬರೆದದ್ದು. ಪೋಷಕರಿಗೆ ತೋರಿಸಬೇಕಾದದ್ದು ಅವರ ಮಗುವನ್ನು.

ಅಕ್ಷರಗಳ ಕ್ರಮದಿಂದಲೇ ಆರಂಭಿಸಿ, ಏಕೆಂದರೆ ಅವರ ಅನುಮಾನ ಅಲ್ಲಿದೆ. ಈ ಕ್ರಮ ನಿಪುಣ್‌ನಿಂದ ಬಂದದ್ದಲ್ಲ, 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಮೊದಲಾದ ನಲಿ-ಕಲಿಯದು. ಆದರೆ ಪೋಷಕರ ದೃಷ್ಟಿಯಲ್ಲಿ ತಾವು ಕಲಿತದ್ದಲ್ಲದ್ದೆಲ್ಲ ಹೊಸದೇ. ಕಪ್ಪುಹಲಗೆಯ ಮೇಲೆ ಐದೇ ಅಕ್ಷರ ಬರೆದು, ಇವುಗಳಿಂದ ಎಷ್ಟು ಪದ ಕಟ್ಟಬಹುದೆಂದು ಅವರನ್ನೇ ಕೇಳಿ. ರಸ, ಸರ, ದರ, ಅರಸ, ಅಗಸ, ಗರಗಸ ಎಂದು ಅವರೇ ಹೇಳುತ್ತಾ ಹೋಗುತ್ತಾರೆ. ಅನಂತರ ಸ್ವರಗಳನ್ನಷ್ಟೇ ಬರೆದು ಪದ ಕಟ್ಟಲು ಹೇಳಿದರೆ "ಆ", "ಈ" ಬಿಟ್ಟು ಮುಂದಕ್ಕೆ ಹೋಗುವುದು ಕಷ್ಟ. ಮೊದಲ ತಿಂಗಳಲ್ಲಿಯೇ ಮಗು ಪದ ಓದಲಿ ಎಂಬ ಉದ್ದೇಶವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ದಾರಿ ನನಗೆ ಕಂಡಿಲ್ಲ.

ಬಳಿಕ ಪ್ರತಿ ಮಗುವನ್ನೂ ಅದರ ತಾಯಿ ಅಥವಾ ತಂದೆಯ ಪಕ್ಕದಲ್ಲಿ ಕೂರಿಸಿ ಓದಿಸಿ. ಪಠ್ಯಪುಸ್ತಕದ ಪಾಠ ಬೇಡ, ಅದು ಬಾಯಿಪಾಠವಾಗಿರುತ್ತದೆ. ನೋಡಿರದ ನಾಲ್ಕು ಸಾಲು ಕೊಟ್ಟು, ಓದಿದ ಮೇಲೆ ಏನಾಯಿತೆಂದು ಕೇಳಿ. ಅಕ್ಷರ ಬಾರದ ತಾಯಿಗೂ ಮಗು ತಡವರಿಸುವುದು ಕೇಳಿಸುತ್ತದೆ. ಆಗ ಪ್ರಗತಿನೋಟದ (ಪ್ರತಿ ಮಗು ಕಲಿಕೆಯ ಏಣಿಯಲ್ಲಿ ಎಲ್ಲಿದೆ ಎಂದು ಗುರುತಿಸುವ ಪಟ್ಟಿ) ಬಳಿ ಕರೆದೊಯ್ದು, "ನಿಮ್ಮವಳು ಈಗ ಏಣಿಯ ಈ ಮೆಟ್ಟಿಲಲ್ಲಿದ್ದಾಳೆ, ಯುಗಾದಿಯ ಹೊತ್ತಿಗೆ ಇಲ್ಲಿಗೆ ಬರಬೇಕು" ಎಂದು ಬೆರಳಿಟ್ಟು ತೋರಿಸಿದರೆ "ಪಾಸಾ?" ಎಂಬ ಪ್ರಶ್ನೆಗೂ ಉತ್ತರ ಸಿಕ್ಕಿದಂತಾಗುತ್ತದೆ.

ನಿಮಿಷಕ್ಕೆ 60 ಪದ ಎಂಬುದನ್ನು ಮಾತ್ರ ಸಭೆಯಲ್ಲಿ ಒತ್ತಿ ಹೇಳಬೇಡಿ. "ಮನೆಯೊಳಗಿನಿಂದ" ಎಂಬುದು ನಮ್ಮಲ್ಲಿ ಒಂದೇ ಪದ, ಹೀಗಿರುವಾಗ ಕನ್ನಡದಲ್ಲಿ ಪದಗಳನ್ನು ಎಣಿಸಿ ಅಳೆಯುವುದಕ್ಕೆ ಒಂದು ಮಿತಿಯಿದೆ ಎಂಬುದು ನನ್ನ ಅಭಿಪ್ರಾಯ. ಅದಕ್ಕಿಂತ ಮುಖ್ಯವಾಗಿ, ಮೊಬೈಲಿನ ಗಡಿಯಾರ ಹಿಡಿದು ಮಗುವನ್ನು ಓಡಿಸುವ ತಂದೆಯರನ್ನು ನಾನು ಕಂಡಿದ್ದೇನೆ.

ಉತ್ತರ 2: ಮೂಡಿಗೆರೆಯ ಒಬ್ಬ ತಂದೆ

ನಾನು ಶಿಕ್ಷಕನಲ್ಲ, ಆದ್ದರಿಂದ ಈಚೆಯ ಕಡೆಯಿಂದ ಒಂದು ಮಾತು. ನನ್ನ ಮಗ 52ರಿಂದ 27 ಕಳೆಯಲು ಹತ್ತತ್ತರ ಕಡ್ಡಿಕಟ್ಟುಗಳನ್ನು ನೆಲದ ಮೇಲೆ ಹರಡಿಕೊಂಡು ಕುಳಿತಿದ್ದ. ಎರಡನೇ ತರಗತಿಗೆ ಬಂದರೂ ಕಡ್ಡಿ ಎಣಿಸುತ್ತಾನಲ್ಲ ಎಂದು ನನಗೆ ಸಿಟ್ಟು ಬಂದು, ಕಡ್ಡಿಗಳನ್ನು ಎತ್ತಿಟ್ಟು, ನಾವು ಕಲಿತಂತೆ ಪಕ್ಕದ ಮನೆಯಿಂದ ಸಾಲ ತರುವ ಲೆಕ್ಕವನ್ನು ಹೇಳಿಕೊಟ್ಟೆ. ಮರುದಿನ ಅವನು ಶಾಲೆಯಲ್ಲಿ ಎರಡನ್ನೂ ಬೆರೆಸಿ 35 ಎಂದು ಬರೆದ. ಮನೆಯಲ್ಲಿ ಹೇಳಿಕೊಡಬೇಡಿ ಎಂಬ ಚೀಟಿ ಬಂತು.

ತಿಂಗಳುಗಳ ನಂತರ ಬೇರೊಬ್ಬ ಮೇಷ್ಟ್ರು, ಐದು ಕಟ್ಟುಗಳಲ್ಲಿ ಒಂದನ್ನು ಬಿಚ್ಚಿದರೆ ನಾಲ್ಕು ಕಟ್ಟು, ಹನ್ನೆರಡು ಬಿಡಿ ಕಡ್ಡಿ ಆಗುತ್ತವೆ, ಅದರಲ್ಲಿ ಎರಡು ಕಟ್ಟು, ಏಳು ಬಿಡಿ ತೆಗೆದರೆ 25 ಉಳಿಯುತ್ತದೆ, ನೀವು ಹೇಳುವ "ಸಾಲ" ಇದೇ ಎಂದು ತೋರಿಸಿದಾಗ ನನಗೇ ಮೊದಲ ಬಾರಿಗೆ ಆ ಲೆಕ್ಕ ಅರ್ಥವಾಯಿತು. ನಾಲ್ಕು ನಿಮಿಷದ ಮಾತು ಅದು. ಹೇಳಿಕೊಡಬೇಡಿ ಎನ್ನುವ ಬದಲು ಇದನ್ನು ಮೊದಲೇ ತೋರಿಸಿದ್ದರೆ ಮಗು ಇಬ್ಬರ ನಡುವೆ ಸಿಕ್ಕಿಕೊಳ್ಳುತ್ತಿರಲಿಲ್ಲ.

ಉತ್ತರ 3: ಶಿಕ್ಷಕ, ಕಡೂರು ತಾಲ್ಲೂಕು

ಮೇಲಿನ ಎರಡು ಉತ್ತರಗಳನ್ನೂ ಒಪ್ಪುತ್ತೇನೆ, ಆದರೆ "ಮನೆಯಲ್ಲಿಯೂ ಸಹಕಾರ" ಎಂಬುದನ್ನು ಎಚ್ಚರದಿಂದ ಹೇಳಬೇಕು. ನಮ್ಮ ಶಾಲೆಗೆ ಲಂಬಾಣಿ ತಾಂಡಾದ ಮಕ್ಕಳು ಬರುತ್ತಾರೆ. "ಮನೆಯಲ್ಲಿ ಓದಿಸಿ" ಎಂದಾಗ, ಓದು ಬಾರದ ತಾಯಿ ತಲೆ ತಗ್ಗಿಸಿ ಮುಂದಿನ ಸಭೆಗೆ ಬರುವುದನ್ನೇ ನಿಲ್ಲಿಸಿದ್ದನ್ನು ನೋಡಿದ್ದೇನೆ. ಮೌಖಿಕ ಭಾಷೆಯೂ ಆರಂಭಿಕ ಕಲಿಕೆಯ ಒಂದು ಭಾಗವೇ ಆಗಿರುವುದರಿಂದ, ರಾತ್ರಿ ಅವರದೇ ಮಾತಿನಲ್ಲಿ ಕಥೆ ಹೇಳಿ, "ಮುಂದೇನಾಯಿತು?" ಎಂದು ಮಗುವಿನ ಬಾಯಿಂದ ಹೇಳಿಸುವುದೂ ನಾವು ಬಯಸುವ ಸಹಕಾರವೇ ಎಂದು ಸ್ಪಷ್ಟವಾಗಿ ತಿಳಿಸಿ. ಸಂತೆಯಲ್ಲಿ ಚಿಲ್ಲರೆ ಎಣಿಸಿಸುವುದು, ಬಸ್ಸಿನ ಬೋರ್ಡನ್ನು ಓದಿಸುವುದು, ಇಷ್ಟೇ ಸಾಕು. ಒಂದು ಸಭೆಗೆ ಒಂದೇ ಕೆಲಸ ಹೇಳಿ.

ಇನ್ನೊಂದು ವಿಷಯ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರು ಇರಬೇಕು. ನಮ್ಮ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಇಬ್ಬರು ತಾಯಂದಿರಿಗೆ ಮೊದಲೇ ತರಗತಿಯನ್ನು ತೋರಿಸಿ ಅವರ ಬಾಯಿಂದಲೇ ಹೇಳಿಸಿದಾಗ, ನಾನು ಹೇಳಿದ್ದಕ್ಕಿಂತ ಹೆಚ್ಚು ಜನ ಕೇಳಿಸಿಕೊಂಡರು.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಧನ್ಯವಾದಗಳು. ಐದು ಅಕ್ಷರಗಳ ಆಟ, ಕಡ್ಡಿಕಟ್ಟಿನ ಕಳೆಯುವ ಲೆಕ್ಕ, ಮಗುವಿನ ಓದು, ಇವಿಷ್ಟನ್ನೇ ಇಟ್ಟುಕೊಳ್ಳುತ್ತೇನೆ; ಗುರಿಗಳ ಹಾಳೆಯನ್ನು ಗೋಡೆಗೆ ಅಂಟಿಸಿದರೆ ಸಾಕು. ಆದರೆ ಸಭೆಯ ದಿನಾಂಕ ಕಾಫಿ ಕೊಯ್ಲಿನ ನಡುವೆ ಬರುತ್ತದೆ, ಕೆ.ಜಿ. ಲೆಕ್ಕದಲ್ಲಿ ಹಣ್ಣು ಬಿಡಿಸುವವರಿಗೆ ಅರ್ಧ ದಿನ ಬಿಟ್ಟು ಬನ್ನಿ ಎನ್ನಲು ಬಾಯಿ ಬರುವುದಿಲ್ಲ. ಮುಖ್ಯ ಶಿಕ್ಷಕರು ಒಪ್ಪಿದರೆ ಸಂಜೆ ಕೂಲಿ ಲೈನಿನ (ತೋಟದ ಕೆಲಸಗಾರರ ಸಾಲುಮನೆಗಳ) ಅಂಗಳದಲ್ಲಿಯೇ, ಕಪ್ಪುಹಲಗೆ ಮತ್ತು ಕಡ್ಡಿಗಳನ್ನು ಅಲ್ಲಿಗೇ ಒಯ್ದು ನಡೆಸುವ ಯೋಚನೆಯಿದೆ. ಹೀಗೆ ಮಾಡಿದ ಅನುಭವ ಯಾರಿಗಾದರೂ ಇದ್ದರೆ, ಬೆಳಕಿನ ವ್ಯವಸ್ಥೆಯಿಂದ ಹಿಡಿದು ತೋಟದವರ ಅನುಮತಿಯವರೆಗೆ ಏನೇನು ನೋಡಿಕೊಳ್ಳಬೇಕು ಎಂಬುದನ್ನು ದಯವಿಟ್ಟು ತಿಳಿಸಿ.