ಗೂಡು ಕಟ್ಟುವ ಹಕ್ಕಿಗಳಿಗೆ ತೆಂಗಿನ ನಾರು, ಹತ್ತಿ ಇಡುವುದು: ಎಷ್ಟು ಉದ್ದ, ಎಲ್ಲಿ, ಯಾವಾಗಿನವರೆಗೆ?

ಬಿಜೈ ಹಿತ್ತಿಲು

ಮನೆ ಮಂಗಳೂರಿನ ಬಿಜೈಯಲ್ಲಿ. ಸಣ್ಣ ಹಿತ್ತಿಲು: ಎರಡು ತೆಂಗು, ಒಂದು ಮಾವು, ದಾಸವಾಳದ ಬೇಲಿ. ಈಗ ಸೂರಕ್ಕಿ ಬಾಗಿಲ ಹತ್ತಿರದ ನಾರಿನ ಮ್ಯಾಟಿನಿಂದ ಎಳೆ ಕೀಳ್ತಾ ಉಂಟು, ಪಿಕಳಾರ ಹೂಕುಂಡದ ಒಣ ಬೇರು ಎಳೀತದೆ. ಬೇಕಾದ್ದನ್ನು ನಾವೇ ಒಂದು ಕಡೆ ಇಡುವ ಅಂತ ಯೋಚನೆ. ತೆಂಗಿನ ನಾರು, ಮೆಡಿಕಲ್ ಶಾಪಿನ ಹತ್ತಿ, ಮನೆ ನಾಯಿಯ ಕೂದಲು, ಟೈಲರ್ ಅಂಗಡಿಯ ನೂಲು ಸಿಗ್ತದೆ. ಯಾವುದು ಆಗಬಹುದು? ಎಷ್ಟು ಉದ್ದಕ್ಕೆ ಕತ್ತರಿಸಬೇಕು? ಮಳೆಗಾಲಕ್ಕೆ ತೆಗೀಬೇಕಾ?

ಗೆರಟೆ

ಮೊದಲು ನೂಲನ್ನು ಪಟ್ಟಿಯಿಂದ ತೆಗೆದುಬಿಡಿ. ಹತ್ತಿಯದ್ದಾದರೂ ಬೇಡ. ನೂಲು ಗೂಡಿನೊಳಗೆ ಮರಿಯ ಬೆರಳಿಗೆ ಸುತ್ತಿಕೊಳ್ಳುತ್ತದೆ. ಮರಿ ಬೆಳೆದು ಕಾಲು ದಪ್ಪವಾದರೂ ನೂಲು ಹಿಗ್ಗುವುದಿಲ್ಲ, ರಕ್ತ ನಿಂತು ಬೆರಳು ಕಪ್ಪಾಗುತ್ತದೆ. ಹಾರುವ ದಿನ ಮರಿ ಗೂಡಿಗೇ ತೂಗಿಬೀಳುತ್ತದೆ. ಮನುಷ್ಯರ ಉದ್ದ ಕೂದಲು, ಗಾಳಿಪಟದ ದಾರ, ಬಲೆಯ ನೈಲಾನ್ ಎಳೆ ಎಲ್ಲದಕ್ಕೂ ಇದೇ ಮಾತು.

ತೆಂಗಿನ ನಾರು ಒಳ್ಳೆಯದು, ಯಾಕೆಂದರೆ ಅದು ಬಿರುಸು, ಬಿಗಿಯಾಗಿ ಸುತ್ತಿಕೊಳ್ಳುವುದಿಲ್ಲ. ಒಣಗಿದ ಸಿಪ್ಪೆಯನ್ನು ಸಿಹಿನೀರಲ್ಲಿ ಎರಡು ದಿನ ನೆನೆಸಿ, ಕಲ್ಲಿನ ಮೇಲಿಟ್ಟು ಮರದ ತುಂಡಿನಿಂದ ಜಜ್ಜಿ, ಎಳೆ ಬಿಡಿಸಿ. ಒಳಗಿನ ಕಂದು ಪುಡಿ ಪೂರ್ತಿ ಹೋಗುವವರೆಗೆ ತೊಳೆದು ಕೊಡವಬೇಕು. ಇದನ್ನು ಬಿಟ್ಟರೆ ಕೆಲಸ ಕೆಟ್ಟಂತೆ, ಆ ಪುಡಿ ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ; ನಮ್ಮ ಕರಾವಳಿಯ ಸೆಕೆಗೆ ಬೂಸ್ಟು ಬರಲು ಅಷ್ಟು ಸಾಕು. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ 5ರಿಂದ 8 ಸೆಂ.ಮೀ. ಉದ್ದಕ್ಕೆ ಕತ್ತರಿಸಿ. ಪಿಕಳಾರಕ್ಕೆ ಇದು ಸರಿ. ಸೂರಕ್ಕಿಗೆ ಇನ್ನೂ ತೆಳು ಎಳೆ ಬೇಕು: ಮಡಲಿನ ಬುಡದಲ್ಲಿ ಕಾಂಡಕ್ಕೆ ಸುತ್ತಿಕೊಂಡ ಜಾಳಿಯಂಥ ನಾರು ಇರುತ್ತದಲ್ಲ, ಬಿದ್ದ ಮಡಲಿನಿಂದ ಅದನ್ನು ಬಿಡಿಸಿ 4–5 ಸೆಂ.ಮೀ.ಗೆ ಕತ್ತರಿಸಿ ಇಡಿ.

ಬೈಹುಲ್ಲೂ ಆಗುತ್ತದೆ, ಗುಬ್ಬಚ್ಚಿಗೆ ವಿಶೇಷವಾಗಿ.

ಬೂರುಗ

ಹತ್ತಿಯ ಬಗ್ಗೆ. ಮೆಡಿಕಲ್ ಶಾಪಿನ ಹತ್ತಿ ಬೇಡವೇ ಬೇಡ. ಗಾಯದ ನೀರು ಹೀರಲಿ ಅಂತ ಅದರ ಸಹಜ ಮೇಣವನ್ನು ಕಾರ್ಖಾನೆಯಲ್ಲಿ ತೆಗೆದಿರುತ್ತಾರೆ. ಒಂದು ಚಿಟಿಕೆ ಹತ್ತಿಯನ್ನು ಲೋಟದ ನೀರಿಗೆ ಹಾಕಿ ನೋಡಿ, ಹತ್ತು ಸೆಕೆಂಡಿನೊಳಗೆ ನೆನೆದು ಮುಳುಗುತ್ತದೆ. ಬೂರುಗದ ಹತ್ತಿ ಹಾಕಿದರೆ ಹಾಗೇ ತೇಲುತ್ತಾ ಇರುತ್ತದೆ, ಅದರ ಎಳೆಗೆ ಮೇಣದ ಪದರ ಇದೆ, ಒಳಗೆ ಟೊಳ್ಳು. ಏಪ್ರಿಲ್-ಮೇಯ ಅಡ್ಡಮಳೆಗೆ ಗೂಡು ಒದ್ದೆಯಾದಾಗ ಮೊಟ್ಟೆಯ ಕೆಳಗೆ ನೀರು ಕುಡಿದ ಹತ್ತಿ ಇರುವುದಕ್ಕೂ ಬೂರುಗದ ಹತ್ತಿ ಇರುವುದಕ್ಕೂ ಎಷ್ಟು ವ್ಯತ್ಯಾಸ ಅಂತ ನೀವೇ ಯೋಚಿಸಿ. ಸೂರಕ್ಕಿ, ಸಿಂಪಿಗ, ಬದನಿಕೆ ಹಕ್ಕಿ ಒಳಗಿನ ಮೆತ್ತೆಗೆ ಇಂಥದ್ದನ್ನೇ ಹುಡುಕುತ್ತವೆ.

ಬೂರುಗದ ಕಾಯಿ ಈ ಬೇಸಿಗೆಯಲ್ಲೇ ಒಡೆಯುತ್ತದೆ. ಬಿದ್ದದ್ದನ್ನು ಹೆಕ್ಕಿ, ಬೀಜ ತೆಗೆದು, ಒಂದು ಸಲಕ್ಕೆ ನಿಂಬೆಹಣ್ಣಿನ ಗಾತ್ರದಷ್ಟು ಮಾತ್ರ ಇಡಿ. ಹೆಚ್ಚು ಇಟ್ಟರೆ ಗಾಳಿಗೆ ಹಾರಿ ವ್ಯರ್ಥ. ಎಕ್ಕದ ಕಾಯಿಯ ರೇಷ್ಮೆ ಎಳೆಯೂ ಆಗುತ್ತದೆ, ಆದರೆ ಹಾಲು ಒಣಗಿದ ಮೇಲೆ, ತಾನಾಗಿ ಒಡೆದ ಕಾಯಿಯದ್ದು. ಹಾಸಿಗೆ ಅಂಗಡಿಯಿಂದ ತರುವುದಾದರೆ ಒಂದು ಚೂರನ್ನು ಹೊರಗೆ ಸುಟ್ಟು ನೋಡಿ. ಬೂದಿಯಾದರೆ ಸರಿ, ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಬೆರೆತಿದೆ.

ಉದ್ಯಾವರ ಹೊಳೆಬದಿ

ನಾಯಿಯ ಕೂದಲಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಉಣುಗಿಗೆ ಬೆನ್ನಿನ ಮೇಲೆ ಬಿಡುವ ಔಷಧಿ, ಸ್ಪ್ರೇ, ಶ್ಯಾಂಪೂ, ಕಾಲರ್ ಯಾವುದನ್ನೇ ಬಳಸುತ್ತಿದ್ದರೂ ಇಡಬೇಡಿ. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದವರು ಕೂದಲು ಹಾಸಿದ್ದ 103 ಗೂಡುಗಳನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ರತಿಯೊಂದರಲ್ಲೂ ಫಿಪ್ರೋನಿಲ್ ಎಂಬ ಕೀಟನಾಶಕ ಸಿಕ್ಕಿತ್ತು. ಕೀಟನಾಶಕ ಹೆಚ್ಚಿದ್ದ ಗೂಡುಗಳಲ್ಲಿ ಒಡೆಯದ ಮೊಟ್ಟೆ, ಸತ್ತ ಮರಿಗಳೂ ಹೆಚ್ಚು. ಅಲ್ಲಿ ನೋಡಿದ್ದು ಟಿಟ್ ಜಾತಿಯ ಹಕ್ಕಿಗಳನ್ನು, ಆದರೆ ಔಷಧಿ ಇಲ್ಲಿಯೂ ಅದೇ. ನಮ್ಮ ಊರಲ್ಲಿ ಉಣುಗಿನ ಔಷಧಿ ಹಾಕದ ಸಾಕುನಾಯಿ ಕಡಿಮೆ, ಹಾಗಾಗಿ ನನ್ನ ಮಟ್ಟಿಗೆ ನಾಯಿ ಕೂದಲು ಬೇಡ ಅಂತಲೇ ಹೇಳುವುದು.

ಬಿಜೈ ಹಿತ್ತಿಲು

ತುಂಬಾ ಉಪಕಾರ. ನೂಲು, ನಾಯಿ ಕೂದಲು, ಮೆಡಿಕಲ್ ಹತ್ತಿ ಮೂರೂ ಬಿಟ್ಟೆ. ಇನ್ನು ಎರಡು ಸಂಶಯ. ನರ್ಸರಿಯಲ್ಲಿ ಸಿಗುವ ಹೂಕುಂಡದ ನಾರಿನ ಹಾಸನ್ನು ಕಿತ್ತು ಇಡಬಹುದಾ? ಈರುಳ್ಳಿಯ ಬಲೆಚೀಲದಲ್ಲಿ ತುಂಬಿ ಮಾವಿನ ಮರಕ್ಕೆ ತೂಗಿಸುವ ಅಂತ ಇದ್ದೇನೆ, ಸರಿಯಾ?

ಗೆರಟೆ

ಎರಡೂ ಬೇಡ. ಆ ಹಾಸಿನ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳಲಿ ಅಂತ ಹೆಚ್ಚಾಗಿ ರಬ್ಬರ್ ಹಾಲು ಹೊಡೆದಿರುತ್ತಾರೆ. ಎಳೆದರೆ ರಬ್ಬರಿನಂತೆ ಜಗ್ಗಿದರೆ ಅದೇ. ಬಲೆಚೀಲದ ತೆಳು ಪ್ಲಾಸ್ಟಿಕ್ ಎಳೆಗೆ ಹಕ್ಕಿಯ ಉಗುರು ಸಿಕ್ಕಿಕೊಳ್ಳುತ್ತದೆ, ಬಿಡಿಸಿಕೊಳ್ಳಲು ಒದ್ದಾಡುವಾಗ ಕಾಲು ಮುರಿಯುವುದೂ ಉಂಟು. ಬೆತ್ತದ ಅಥವಾ ಬಿದಿರಿನ ಸಣ್ಣ ಬುಟ್ಟಿ ಸಾಕು, ನಾರಿನ ತುದಿಗಳು ಸಂದಿನಿಂದ ಹೊರಗೆ ಇಣುಕುವ ಹಾಗೆ. ಒಂದು ಹಿಡಿಗಿಂತ ಜಾಸ್ತಿ ತುಂಬಬೇಡಿ. ಒತ್ತಿ ತುಂಬಿದರೆ ಸೂರಕ್ಕಿಯಂಥ ಸಣ್ಣ ಹಕ್ಕಿಗೆ ಎಳೆಯಲು ಆಗುವುದಿಲ್ಲ, ಕೊನೆಗೆ ಕಾಗೆ ಬಂದು ಬುಟ್ಟಿ ಸಮೇತ ಕೊಂಡುಹೋಗುತ್ತದೆ.

ಮಡಿವಾಳ ಹಕ್ಕಿ

ಮಾವಿನ ಮರದಲ್ಲಿ ಚಗಳಿ (ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆ) ಇದ್ದರೆ ಅಲ್ಲಿ ಕಟ್ಟಲೇಬೇಡಿ. ಮಾಡಿನ ಅಂಚಿನ ಕೆಳಗೆ, ನೆಲದಿಂದ ಆರೇಳು ಅಡಿ ಎತ್ತರದಲ್ಲಿ, ಬೆಕ್ಕು ಹಾರಲು ಕಟ್ಟೆಯೋ ಗೋಡೆಯೋ ಹತ್ತಿರ ಇಲ್ಲದ ಕಡೆ ಇರಲಿ. ಎರಡು ಮಾರು ದೂರದಲ್ಲಿ ದಾಸವಾಳದಂಥ ಗಿಡ ಇದ್ದರೆ ಹಕ್ಕಿ ಮೊದಲು ಅಲ್ಲಿ ಕೂತು ಸುತ್ತ ನೋಡಿ ಆಮೇಲೆ ಬರುತ್ತದೆ.

ಗೂಡು ಕಂಡರೆ ಅದರ ಪಕ್ಕಕ್ಕೆ ಬುಟ್ಟಿ ಸರಿಸಬೇಡಿ. ಒಳ್ಳೆಯ ಮನಸ್ಸಿನಿಂದ ಮಾಡುವ ಈ ಕೆಲಸದಿಂದಲೇ ಗೂಡು ಹಾಳಾಗುತ್ತದೆ: ಬುಟ್ಟಿಗೆ ಬಂದ ಕಾಗೆಗೆ, ಕೆಂಬೂತಕ್ಕೆ ಗೂಡು ತೋರಿಸಿಕೊಟ್ಟ ಹಾಗೆ. ಸೂರಕ್ಕಿ ಜಗಲಿಯ ಬಟ್ಟೆ ಹಗ್ಗದಲ್ಲೇ ಕಟ್ಟಿದರೂ ಅದನ್ನು ಬಿಚ್ಚಿ ಬೇರೆ ಕಡೆ ಕಟ್ಟುವುದು ಬೇಡ. ಕಾವು ಎರಡು ವಾರ, ಮರಿ ಹಾರಲು ಮತ್ತೆ ಅಷ್ಟೇ. ಒಂದು ತಿಂಗಳು ಬಟ್ಟೆ ಬೇರೆ ಕಡೆ ಒಣಗಿಸಿ. ಕಾಡುಹಕ್ಕಿಗಳ ಗೂಡು, ಮೊಟ್ಟೆಗೆ ಹಾನಿ ಮಾಡುವುದು 1972ರ ವನ್ಯಜೀವಿ ಕಾಯ್ದೆಯಲ್ಲೂ ಅಪರಾಧ.

ಬೂರುಗ

ನಾರು, ಹತ್ತಿ ಎರಡಕ್ಕಿಂತಲೂ ಮುಖ್ಯವಾದ ಒಂದು ಸಾಮಾನು ಬುಟ್ಟಿಯಲ್ಲಿ ಇಡಲಿಕ್ಕೆ ಆಗುವುದಿಲ್ಲ. ಜೇಡರ ಬಲೆ. ಸೂರಕ್ಕಿಯ ಗೂಡನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ: ನಾರಿನ ಎಳೆ, ತೊಗಟೆಯ ಚೂರು, ಕಂಬಳಿಹುಳದ ಹಿಕ್ಕೆ, ಕಲ್ಲುಹೂವು ಎಲ್ಲ ಸೇರಿ ಗಾಳಿಗೆ ಸಿಕ್ಕಿಬಿದ್ದ ಕಸದ ಹಾಗೆ ಕಾಣುತ್ತದೆ, ಅಷ್ಟನ್ನೂ ಹಿಡಿದಿಟ್ಟದ್ದು ಬಲೆ. ಕೊಂಬೆಗೆ ತೂಗಿಸಿದ ಕುಣಿಕೆಯಲ್ಲೂ ಅದೇ. ಮರಿ ಬೆಳೆದು ಒಳಗೆ ಜಾಗ ಸಾಲದಾದಾಗ ಗೂಡು ಹರಿಯದೆ ಹಿಗ್ಗುವುದು ಕೂಡ ಬಲೆಯಿಂದ. ಹಾಗಾಗಿ ಬಿಸುವಿಗೆ (ಏಪ್ರಿಲ್ ನಡುವಿನ ತುಳುವರ ಹೊಸವರ್ಷಕ್ಕೆ) ಮುಂಚೆ ಮನೆ ಗುಡಿಸುವಾಗ ಒಳಗಿನ ಬಲೆ ತೆಗೆಯಿರಿ, ಮಾಡಿನ ಹೊರಗಿನದ್ದು, ಬೇಲಿಯದ್ದು ಮೇ ಕೊನೆಯವರೆಗೆ ಬಿಡಿ. ಗಿಡಕ್ಕೆ ಕೀಟನಾಶಕ ಹೊಡೆದು ಬುಟ್ಟಿ ತೂಗಿಸಿದರೆ ಪ್ರಯೋಜನ ಇಲ್ಲ. ಬಲೆಯೂ ಹೋಗುತ್ತದೆ, ಮರಿಗೆ ಕೊಡುವ ಹುಳವೂ ಹೋಗುತ್ತದೆ.

ಮಳೆಗಾಲದ ಪ್ರಶ್ನೆಗೆ: ವಾರಕ್ಕೊಮ್ಮೆ ಹಳೆಯದು ತೆಗೆದು ಹೊಸದು ಹಾಕಿ. ಅಡ್ಡಮಳೆಗೆ ನೆನೆದರೆ ಅದೇ ದಿನ ತೆಗೆಯಿರಿ, ಒಣಗಿಸಿ ಮತ್ತೆ ಇಡುವುದು ಬೇಡ, ಗೊಬ್ಬರದ ಗುಂಡಿಗೆ ಹೋಗಲಿ. ಜೂನ್ ಮಳೆ ಹಿಡಿದ ಮೇಲೆ ಬುಟ್ಟಿಯನ್ನೇ ಒಳಗೆ ತನ್ನಿ. ಆಗ ಗೂಡು ಕಟ್ಟುವ ಗೀಜಗಕ್ಕೆ ಒಣ ನಾರು ಬೇಡ, ಅದು ತೆಂಗಿನ ಗರಿಯಿಂದ, ಭತ್ತದ ಎಲೆಯಿಂದ ಹಸಿ ಪಟ್ಟಿ ಸೀಳಿಕೊಂಡು ಹೋಗುತ್ತದೆ. ರಾಟವಾಳಕ್ಕೆ ಉದ್ದ ಹುಲ್ಲು ಬೇಕು. ಹಿತ್ತಿಲಿನ ಒಂದು ಮೂಲೆಯ ಹುಲ್ಲನ್ನು ದೀಪಾವಳಿಯವರೆಗೆ ಕತ್ತರಿಸದೆ ಬಿಟ್ಟರೆ ಆಯಿತು.